ಮತಬೋಧೆಯೂ ಮತಗಳ ಪಾಠವೂ: ಕುಂಚಾವರಂ ಸೀಮೆಯ ತರಗತಿಯಿಂದ

ಕನ್ನಡ ಸಾಹಿತ್ಯವನ್ನು ಪಾಠ ಹೇಳುವವನು ಮತಧರ್ಮಗಳನ್ನು ಕುರಿತು ಮಾತನಾಡದೆ ಒಂದು ವಾರವನ್ನೂ ಕಳೆಯಲಾರ. ಪಂಪನ ಆದಿಪುರಾಣವನ್ನು ತೆರೆದರೆ ಭವಾವಳಿ, ಕರ್ಮ, ಕೇವಲಜ್ಞಾನಗಳನ್ನು ವಿವರಿಸಬೇಕು. ವಚನಗಳಿಗೆ ಬಂದರೆ ಇಷ್ಟಲಿಂಗ, ಷಟ್‌ಸ್ಥಲಗಳು ಎದುರಾಗುತ್ತವೆ. ದಾಸಸಾಹಿತ್ಯದ ಹಿಂದೆ ದ್ವೈತವಿದೆ, ತತ್ತ್ವಪದಗಳ ಹಿಂದೆ ಅವಧೂತ ಮತ್ತು ಸೂಫಿ ಪರಂಪರೆಗಳಿವೆ. ಗಣಿತದ ಅಧ್ಯಾಪಕರಿಗೋ ರಸಾಯನಶಾಸ್ತ್ರದ ಅಧ್ಯಾಪಕರಿಗೋ ಇಲ್ಲದ ಈ ಹೊಣೆ ಕನ್ನಡ ಅಧ್ಯಾಪಕನಿಗೆ ಪಠ್ಯಪುಸ್ತಕದ ಮೂಲಕವೇ ಬಂದಿರುತ್ತದೆ. ಆದರೆ ಅದನ್ನು ನಿರ್ವಹಿಸುವ ಬಗೆಯನ್ನು ಯಾವ ತರಬೇತಿಯಲ್ಲಿಯೂ ನಮಗೆ ಹೇಳಿಕೊಡುವುದಿಲ್ಲ. ಮೂರು ದಶಕಗಳ ಅಧ್ಯಾಪನದಲ್ಲಿ ಈ ವಿಷಯವಾಗಿ ನನಗೆ ಒದಗಿದ ಕೆಲವು ಅನುಭವಗಳನ್ನೂ ಅವುಗಳಿಂದ ಮೂಡಿದ ವಿಚಾರಗಳನ್ನೂ ಸಾಹಿತ್ಯದ ವಿದ್ಯಾರ್ಥಿಗಳ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಮೊದಲಿಗೆ ತರಗತಿಯ ಪರಿಚಯ. ಕಲಬುರಗಿ ಜಿಲ್ಲೆಯ ಪೂರ್ವದ ಅಂಚಿನಲ್ಲಿ, ಚಿಂಚೋಳಿ ತಾಲ್ಲೂಕಿನ ಕಾಡಿನ ನಡುವೆ ಕುಂಚಾವರಂ ಇದೆ. ಅಲ್ಲಿಂದಾಚೆಗೆ ತೆಲಂಗಾಣ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಆ ಕಾಡಿನ ಸುತ್ತಮುತ್ತ ಲಂಬಾಣಿ ತಾಂಡಾಗಳು ಹರಡಿಕೊಂಡಿವೆ. ಅಲ್ಲಿಂದ ಬರುವ ವಿದ್ಯಾರ್ಥಿ ಮನೆಯಲ್ಲಿ ಗೋರ್‌ಬೋಲಿಯನ್ನೂ ಸಂತೆಯಲ್ಲಿ ತೆಲುಗನ್ನೂ ಬಸ್ಸಿನಲ್ಲಿ ದಖನಿಯನ್ನೂ ಆಡುತ್ತಾನೆ. ಕನ್ನಡ ಅವನಿಗೆ ಶಾಲೆಯ ಭಾಷೆ. ನನ್ನ ತರಗತಿಯಲ್ಲಿ ಅವನ ಪಕ್ಕಕ್ಕೆ ವಾಡಿಯ ಸಿಮೆಂಟ್ ಕಾರ್ಖಾನೆಯ ಕಾರ್ಮಿಕರ ಮನೆಯಿಂದ ಬಂದ, ಬಾಬಾಸಾಹೇಬರ ದಾರಿಯಲ್ಲಿ ಬುದ್ಧನನ್ನು ಒಪ್ಪಿಕೊಂಡ ಕುಟುಂಬದ ಹುಡುಗನಿರುತ್ತಾನೆ. ಶಹಾಬಾದಿನ ಕಲ್ಲುಗಣಿಯನ್ನು ನಂಬಿದ ಮುಸ್ಲಿಂ ಮನೆತನದವನು, ಸೇಡಂ ಕಡೆಯ ಲಿಂಗಾಯತ ಒಕ್ಕಲು ಮಗಳು, ಚಿತ್ತಾಪುರದ ಕ್ರೈಸ್ತ ಹುಡುಗಿ, ಇವರೆಲ್ಲ ಅದೇ ಕೋಣೆಯಲ್ಲಿ ಕುಳಿತಿರುತ್ತಾರೆ. ಜೈನ ವಿದ್ಯಾರ್ಥಿ ಸಿಗುವುದು ವಿರಳ. ಎಷ್ಟೋ ವರ್ಷ ತರಗತಿಯಲ್ಲಿದ್ದ ಜೈನನು ನಾನೊಬ್ಬನೇ. ಆದರೆ ಆ ತರಗತಿಯ ಮೊದಲ ಸೆಮಿಸ್ಟರಿನ ಪಠ್ಯದಲ್ಲಿ ಬಹುಪಾಲು ಜೈನಕವಿಗಳದೇ. ಹುಟ್ಟಿನಿಂದ ಜೈನನಾದ ಅಧ್ಯಾಪಕ, ಜೈನ ಕಾವ್ಯ, ಜೈನೇತರ ವಿದ್ಯಾರ್ಥಿಗಳು: ಈ ಮೂರೂ ಸೇರಿದಾಗ ಏಳುವ ಪ್ರಶ್ನೆಗಳು ಸಣ್ಣವಲ್ಲ.

ಈ ಸೀಮೆಗೆ ಈ ಪ್ರಶ್ನೆ ಹೊಸದೂ ಅಲ್ಲ. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಇದಕ್ಕೆ ಒಂದು ಉತ್ತರವಿತ್ತು. 1918ರಲ್ಲಿ ಉರ್ದು ಮಾಧ್ಯಮದಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಮುಸ್ಲಿಂ ವಿದ್ಯಾರ್ಥಿಗಳಿಗೆ ‘ದೀನಿಯಾತ್’ ಎಂಬ ಮತಶಾಸ್ತ್ರವೂ ಉಳಿದವರಿಗೆ ‘ಅಖ್ಲಾಖಿಯಾತ್’ ಎಂಬ ನೀತಿಶಾಸ್ತ್ರವೂ ಪಾಠಕ್ರಮದಲ್ಲಿದ್ದವು. ಆ ಕಾಲದಲ್ಲಿ ಓದಿದ ಹಿರಿಯರೊಬ್ಬರು ನನ್ನ ಬಾಲ್ಯದಲ್ಲಿ ಇದನ್ನು ನೆನೆಯುತ್ತಿದ್ದರು. ಗಂಟೆ ಬಾರಿಸಿತೆಂದರೆ ಅರ್ಧ ತರಗತಿ ಎದ್ದು ಬೇರೆ ಕೋಣೆಗೆ ಹೋಗುತ್ತಿತ್ತಂತೆ. ‘ಅವರು ಏನು ಓದುತ್ತಾರೆಂದು ನಮಗೆ ತಿಳಿಯಲಿಲ್ಲ, ನಾವು ಏನು ಓದಿದೆವೆಂದು ಅವರಿಗೆ ತಿಳಿಯಲಿಲ್ಲ’ ಎಂದು ಅವರು ಹೇಳುತ್ತಿದ್ದುದುಂಟು. ಅವರ ಮಾತಿನಲ್ಲಿ ದೂರಿರಲಿಲ್ಲ. ಆ ವ್ಯವಸ್ಥೆ ಯಾರ ನಂಬಿಕೆಗೂ ಕೈಹಾಕದಂತೆ ನೋಡಿಕೊಂಡಿತ್ತು. ಆದರೆ ಒಬ್ಬರ ನಂಬಿಕೆ ಇನ್ನೊಬ್ಬರಿಗೆ ಅಪರಿಚಿತವಾಗಿಯೇ ಉಳಿಯುವಂತೆಯೂ ಮಾಡಿತ್ತು.

ಸ್ವತಂತ್ರ ಭಾರತದ ಉತ್ತರ ಬೇರೆಯಾಯಿತು. ಸಂವಿಧಾನದ 28ನೆಯ ವಿಧಿಯು ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಿಕ್ಷಣಸಂಸ್ಥೆಗಳಲ್ಲಿ ಮತಬೋಧೆಯನ್ನು ನಿಷೇಧಿಸಿತು. ಅನುದಾನಿತ ಮತ್ತು ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಯಾರನ್ನೂ ಅವರ ಸಮ್ಮತಿಯಿಲ್ಲದೆ ಮತಬೋಧೆಗೋ ಪೂಜೆಗೋ ಒಳಪಡಿಸಕೂಡದೆಂದಿತು. 1964–66ರ ಕೊಠಾರಿ ಆಯೋಗವು ಒಂದು ಮತವನ್ನು ಬೋಧಿಸುವುದಕ್ಕೂ ಮತಗಳನ್ನು ಕುರಿತು ತಿಳಿಸುವುದಕ್ಕೂ ಭೇದವನ್ನು ಎಣಿಸಿ, ಎರಡನೆಯದು ಬಹುಮತೀಯ ದೇಶಕ್ಕೆ ಅವಶ್ಯವೆಂದು ಅಭಿಪ್ರಾಯಪಟ್ಟಿತು. 2002ರಲ್ಲಿ ಅರುಣಾ ರಾಯ್ ಪ್ರಕರಣದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಮತಗಳನ್ನು ಕುರಿತ ಅಧ್ಯಯನಕ್ಕೆ 28ನೆಯ ವಿಧಿಯ ತಡೆಯಿಲ್ಲವೆಂದು ಹೇಳಿತು. ಕಾನೂನಿನ ಮಟ್ಟದಲ್ಲಿ ಗೆರೆ ಸ್ಪಷ್ಟವಾಗಿದೆ. ತರಗತಿಯಲ್ಲಿ ಆ ಗೆರೆ ಹಾಯ್ದುಹೋಗುವುದು ವಾಕ್ಯಗಳ ನಡುವೆ, ಒಮ್ಮೊಮ್ಮೆ ಒಂದೇ ಕ್ರಿಯಾಪದದ ನಡುವೆ.

ಒಂದು ಉದಾಹರಣೆಯನ್ನು ಕೊಡುತ್ತೇನೆ. ಆದಿಪುರಾಣದ ಆರಂಭದ ಸ್ತುತಿಪದ್ಯಗಳನ್ನು ವಿದ್ಯಾರ್ಥಿಗಳಿಂದ ಗಟ್ಟಿಯಾಗಿ ಓದಿಸುವುದು ನನ್ನ ಪದ್ಧತಿ; ಹಳಗನ್ನಡ ಕಿವಿಗೆ ಬೀಳದೆ ನಾಲಗೆಗೆ ಹತ್ತುವುದಿಲ್ಲ. ಒಮ್ಮೆ ಶಹಾಬಾದಿನ ಹುಡುಗನೊಬ್ಬನ ಸರದಿ ಬಂದಾಗ ಅವನು ಎದ್ದು ನಿಂತು, ‘ಸರ್, ಇದು ಓದಿದ್ರ ನಾ ನಮಸ್ಕಾರ ಮಾಡ್ದಂಗ ಆಗ್ತದೇನ್ರಿ?’ ಎಂದು ಕೇಳಿದ. ಪ್ರಾಮಾಣಿಕವಾದ ಪ್ರಶ್ನೆ. ಕೆಲವರು ನಕ್ಕರು. ‘ನಮಸ್ಕಾರ ಮಾಡಿದವನು ಪಂಪ. ಅವನು ಹೇಗೆ ಮಾಡಿದನೆಂಬುದನ್ನು ನಾವು ಕೇಳುತ್ತಿದ್ದೇವೆ. ಓದಲು ಮನಸ್ಸು ಒಪ್ಪದಿದ್ದರೆ ಮುಂದಿನ ವರ್ಣನೆಯ ಪದ್ಯವನ್ನು ಓದು. ಅದರಿಂದ ನಿನಗೇನೂ ಕಡಿಮೆಯಾಗದು’ ಎಂದೆ. ಅವನು ಕ್ಷಣಕಾಲ ಯೋಚಿಸಿ ಸ್ತುತಿಯನ್ನೇ ಓದಿದ. ಮರುದಿನ ತನ್ನ ಅಜ್ಜನನ್ನು ಕೇಳಿಕೊಂಡು ಬಂದು, ದಖನಿಯ ಮಸ್ನವಿಗಳೂ ಹೀಗೆಯೇ ಮೊದಲು ದೇವರ ಸ್ತುತಿಯಾದ ‘ಹಮ್ದ್’, ಅನಂತರ ಪ್ರವಾದಿಯ ಸ್ತುತಿಯಾದ ‘ನಾತ್’ ಎಂಬ ಕ್ರಮದಲ್ಲಿ ಆರಂಭವಾಗುತ್ತವೆಂದು ತರಗತಿಗೆ ತಿಳಿಸಿದ. ಮಂಗಳಾಚರಣೆಯ ಕಾವ್ಯಸಮಯವನ್ನು ನಾನು ಅಷ್ಟು ಚೆನ್ನಾಗಿ ವಿವರಿಸಿರಲಾರೆ. ಪಂಪನ ಭಕ್ತಿಯನ್ನು ಅವನು ತನ್ನದಾಗಿಸಿಕೊಳ್ಳಲಿಲ್ಲ, ಅದರ ಅಗತ್ಯವೂ ಇರಲಿಲ್ಲ. ಆ ಭಕ್ತಿಯ ಆಕಾರ ಮಾತ್ರ ಅವನಿಗೆ ಪರಿಚಿತವಾಯಿತು.

ಇದಕ್ಕಿಂತ ಕಠಿಣವಾದದ್ದು ಜನ್ನನ ಯಶೋಧರ ಚರಿತೆಯ ಪಾಠ. 1209ರಲ್ಲಿ ರಚಿತವಾದ ಈ ಕಾವ್ಯ ರಾಜಪುರದ ಚಂಡಮಾರಿಯ ಜಾತ್ರೆಯಲ್ಲಿ ಬಲಿಗಾಗಿ ಎಳೆತಂದ ಇಬ್ಬರು ಎಳೆಯರೊಂದಿಗೆ ಆರಂಭವಾಗುತ್ತದೆ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯ ಫಲವಾಗಿ ಯಶೋಧರನೂ ಅವನ ತಾಯಿ ಚಂದ್ರಮತಿಯೂ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಪಾಠ ಅಲ್ಲಿಗೆ ಬಂದ ದಿನ, ಕುಂಚಾವರಂ ಬಳಿಯ ತಾಂಡಾದಿಂದ ಬರುತ್ತಿದ್ದ ಹುಡುಗಿಯೊಬ್ಬಳು ತರಗತಿ ಮುಗಿಯುವ ಮುನ್ನವೇ ಕೇಳಿದಳು: ‘ಸರ್, ನಮ್ ತಾಂಡಾದಾಗ ಮರಿಯಮ್ಮಗ ಹೋತ ಕಡೀತೀವ್ರಿ. ಹಿಟ್ಟಿನ ಕೋಳಿಗೇ ಇಷ್ಟು ಅಂದ್ರ ನಮ್ಮವ್ವ, ನಮ್ಮಪ್ಪ ಎಲ್ಲಾರೂ ನರಕಕ್ಕ ಹೋಗ್ತಾರೇನ್ರಿ?’

ತರಗತಿ ಸ್ತಬ್ಧವಾಯಿತು. ಹಿಂದಿನ ಸಾಲಿನಿಂದ ಒಬ್ಬ, ‘ಅದು ಕಾನೂನಿನಾಗೇ ಇಲ್ಲ’ ಎಂದ. ದೇವಾಲಯಗಳ ಪ್ರಾಣಿಬಲಿಯನ್ನು ತಡೆಯುವ 1959ರ ಅಧಿನಿಯಮ ನಮ್ಮ ರಾಜ್ಯದಲ್ಲಿರುವುದು ನಿಜ. ಆದರೆ ಆಕೆ ಕೇಳಿದ್ದು ಕಾನೂನನ್ನಲ್ಲ, ತಂದೆತಾಯಿಗಳ ಪರಲೋಕವನ್ನು. ಅದೂ, ಅವಳಿಗೆ ಗೊತ್ತಿದ್ದಂತೆ, ಮಾಂಸವನ್ನು ಮುಟ್ಟದ ಮನೆತನದ ಅಧ್ಯಾಪಕನನ್ನು. ಕಾವ್ಯದ ದೇವತೆ ಮಾರಿ, ತಾಂಡಾದ ದೇವತೆ ಮರಿಯಮ್ಮ; ಹೆಸರಿನ ಈ ಹೋಲಿಕೆಯನ್ನು ನನಗಿಂತ ಮೊದಲು ಆಕೆ ಕಂಡಿದ್ದಳು.

‘ಇದೆಲ್ಲ ಕಥೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ’ ಎಂದು ಹೇಳಿ ಮುಂದೆ ಸಾಗಬಹುದಿತ್ತು. ಹಾಗೆ ಹೇಳಿದ್ದರೆ ಜನ್ನನಿಗೆ ದ್ರೋಹವಾಗುತ್ತಿತ್ತು; ಅವನು ಕಥೆಗಾಗಿ ಕಥೆ ಹೇಳಿದವನಲ್ಲ, ಅಹಿಂಸೆಯನ್ನು ನಂಬಿ ಬರೆದವನು. ‘ಹೌದು, ಹಿಂಸೆಗೆ ಫಲ ತಪ್ಪದು’ ಎಂದೂ ಹೇಳಬಹುದಿತ್ತು. ಅದು ನನ್ನ ಮನೆಯ ನಂಬಿಕೆ. ಆದರೆ ಅದನ್ನು ಆ ಸ್ಥಾನದಲ್ಲಿ ನಿಂತು ಹೇಳಲು ನನಗೆ ಅಧಿಕಾರವಿಲ್ಲ. ನಾನು ಹೇಳಿದ್ದು ಇಷ್ಟು: ‘ಜನ್ನನನ್ನು ಕೇಳಿದರೆ, ಹಿಂಸೆಯ ಸಂಕಲ್ಪವೇ ಬಂಧನಕ್ಕೆ ಕಾರಣ ಎನ್ನುತ್ತಾನೆ. ಅವನು ಹಾಗೆ ಹೇಳುವುದಿಲ್ಲವೆಂದು ನಾನು ಮುಚ್ಚಿಡಲಾರೆ. ನಿಮ್ಮ ತಾಂಡಾದವರನ್ನು ಕೇಳಿದರೆ ಬೇರೆ ಮಾತು ಹೇಳುತ್ತಾರೆ. ಅದು ಏನೆಂದು ನಮ್ಮಲ್ಲಿ ಯಾರಿಗೂ ತಿಳಿಯದು. ನಿನಗೆ ಹೇಳಬೇಕೆನ್ನಿಸಿದರೆ ಹೇಳು, ಹೇಳಲೇಬೇಕೆಂದಿಲ್ಲ. ಯಾರು ಎಲ್ಲಿಗೆ ಹೋಗುತ್ತಾರೆಂದು ತೀರ್ಮಾನಿಸುವುದು ಈ ಕೋಣೆಯ ಕೆಲಸವಲ್ಲ.’

ಸೋಮವಾರ ಆಕೆ ಬಂದಳು. ಭಾನುವಾರ ಅಜ್ಜಿಯ ಬಳಿ ಕುಳಿತು ಕೇಳಿಕೊಂಡು ಬಂದಿದ್ದಳು. ಸೇವಾಲಾಲ್ ಮಹಾರಾಜರನ್ನು ತನ್ನ ಭಗತನಾಗೆಂದು ದೇವಿ ಕರೆದಾಗ ಅವರು ಮೊದಲು ಒಪ್ಪಲಿಲ್ಲ, ರಕ್ತದ ಬಲಿಯನ್ನು ತೆಗೆದುಕೊಳ್ಳುವವಳ ಸೇವೆ ತನಗೆ ಆಗದೆಂದರು, ದೇವಿ ಅವರಿಗೆ ಕಷ್ಟದ ಮೇಲೆ ಕಷ್ಟ ಕೊಟ್ಟಳು, ಕಡೆಗೆ ಅವರು ಒಪ್ಪಿಕೊಂಡರು ಎಂಬ ಬಂಜಾರರ ಕಥೆಯನ್ನು ಅಜ್ಜಿ ಹೇಳಿದ್ದಳು. ಈಗಲೂ ತಮ್ಮ ತಾಂಡಾದಲ್ಲಿ ಸೇವಾಲಾಲರಿಗೆ ಸಿಹಿಯ ಭೋಗ, ಮರಿಯಮ್ಮನಿಗೆ ಹೋತ. ಎರಡನ್ನೂ ಬೇರೆ ಬೇರೆಯಾಗಿ ಮಾಡುತ್ತಾರೆ. ಮಾಂಸವನ್ನು ಮನೆಮನೆಗೂ ಸಮಪಾಲು ಹಂಚುತ್ತಾರೆ, ಗಂಡಸರಿಲ್ಲದ ಮನೆಗೂ ಪಾಲು ತಪ್ಪುವುದಿಲ್ಲ ಎಂದು ಆಕೆ ವಿವರಿಸಿದಳು. ಕೊನೆಗೆ, ‘ಜನ್ನ ಕೇಳಿದ್ದು ನಮ್ಮ ಸೇವಾಲಾಲ್ ಮಹಾರಾಜ್ರೂ ಕೇಳ್ಯಾರ್ರಿ ಸರ್’ ಎಂದಳು.

ಆ ಮಾತನ್ನು ನಾನು ಎಷ್ಟೋ ಬಾರಿ ನೆನೆದಿದ್ದೇನೆ. ಹಿಂಸೆ ಅಹಿಂಸೆಗಳ ವಾದ ಜೈನರಿಗೂ ತಾಂಡಾಕ್ಕೂ ನಡುವಿನದೆಂದು ಆ ತರಗತಿ ಭಾವಿಸಿತ್ತು. ಅದು ತಾಂಡಾದ ಒಳಗೂ ಇದೆಯೆಂದು ಆಕೆ ತೋರಿಸಿಕೊಟ್ಟಳು. ಪ್ರತಿಯೊಂದು ಮತದ ಒಳಗೂ ಇಂಥ ವಾದವಿರುತ್ತದೆ. ಮತಗಳನ್ನು ಒಂದೊಂದು ವಾಕ್ಯದಲ್ಲಿ ಸಂಗ್ರಹಿಸಿ, ಜೈನರು ಹೀಗೆ, ಶೈವರು ಹೀಗೆ, ಮುಸ್ಲಿಮರು ಹೀಗೆ ಎಂದು ಟಿಪ್ಪಣಿ ಬರೆಸುವ ನಮ್ಮ ರೂಢಿಯು ಆ ಒಳವಾದವನ್ನು ಅಳಿಸಿಹಾಕುತ್ತದೆ. ಟಿಪ್ಪಣಿ ಪರೀಕ್ಷೆಗೆ ಅನುಕೂಲ, ತಿಳಿವಳಿಕೆಗೆ ಅಲ್ಲ.

ಸಾಮಾನ್ಯವಾಗಿ ಇಂಥ ಸಂದರ್ಭದಲ್ಲಿ ನಾವು ‘ಭಾವೈಕ್ಯ’ದ ಪಾಠಕ್ಕೆ ಮೊರೆಹೋಗುತ್ತೇವೆ. ಅದಕ್ಕೆ ಬೇಕಾದ ಸಾಮಗ್ರಿ ಕಲಬುರಗಿ ಸೀಮೆಯಲ್ಲಿ ಹೇರಳವಾಗಿದೆ. ಖ್ವಾಜಾ ಬಂದೇನವಾಜರ ದರ್ಗಾ, ಶರಣಬಸವೇಶ್ವರರ ಗುಡಿ, ಕಡಕೋಳ ಮಡಿವಾಳಪ್ಪನವರ ಶಿಷ್ಯನಾಗಿ ಪದ ಕಟ್ಟಿದ ಚನ್ನೂರ ಜಲಾಲಸಾಹೇಬ. ಎಲ್ಲವೂ ನಿಜ, ಎಲ್ಲವೂ ಪಾಠಕ್ಕೆ ಯೋಗ್ಯ. ಆದರೆ ಕನ್ನಡ ಸಾಹಿತ್ಯದಲ್ಲಿ ಕೂಡಿ ಬಾಳಿದ್ದರ ನೆನಪು ಮಾತ್ರವಲ್ಲ, ಜಗಳದ ನೆನಪೂ ಇದೆ. ಅದನ್ನು ಬಿಟ್ಟು ಹೇಳಿದ ಪಾಠವನ್ನು ಬುದ್ಧಿವಂತ ವಿದ್ಯಾರ್ಥಿ ಗ್ರಂಥಾಲಯಕ್ಕೆ ಹೋದ ದಿನವೇ ಕಳೆದುಕೊಳ್ಳುತ್ತಾನೆ.

ಅಂಥ ನೆನಪುಗಳಲ್ಲಿ ಮುಖ್ಯವಾದದ್ದು ಏಕಾಂತದ ರಾಮಯ್ಯನದು. ಅವನು ಇದೇ ಜಿಲ್ಲೆಯ ಆಳಂದದವನು. ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿ ಜೈನರೊಡನೆ ತಲೆಯನ್ನೇ ಪಣವಾಗಿ ಒಡ್ಡಿ, ಕತ್ತರಿಸಿಕೊಂಡ ತಲೆಯನ್ನು ಮರಳಿ ಪಡೆದು, ಜಿನಬಿಂಬವನ್ನು ಒಡೆದನೆಂದೂ ಬಿಜ್ಜಳನಿಂದ ಜಯಪತ್ರ ಪಡೆದನೆಂದೂ ಸುಮಾರು ಕ್ರಿ.ಶ. 1200ರ ಅಲ್ಲಿನ ಶಾಸನ ಹೇಳುತ್ತದೆ. ಹರಿಹರ ಅವನನ್ನು ರಗಳೆಯಲ್ಲಿ ಕೊಂಡಾಡಿದ್ದಾನೆ. ಆ ಪ್ರಸಂಗವನ್ನು ಹೇಳುವಾಗ ವಿದ್ಯಾರ್ಥಿಗಳ ದೃಷ್ಟಿ ಪುಸ್ತಕದ ಮೇಲಿರುವುದಿಲ್ಲ, ನನ್ನ ಮುಖದ ಮೇಲಿರುತ್ತದೆ. ಜೈನ ಮೇಷ್ಟ್ರು ಇದನ್ನು ಹೇಗೆ ದಾಟುತ್ತಾರೆಂಬ ಕುತೂಹಲ ಅವರಿಗೆ.

ನಾನು ದಾಟುವುದಿಲ್ಲ. ಶಾಸನವನ್ನೂ ರಗಳೆಯನ್ನೂ ಪಕ್ಕಪಕ್ಕದಲ್ಲಿಟ್ಟು ಓದಿಸುತ್ತೇನೆ. ಇದು ಶೈವ ದೇವಾಲಯದ ಶಾಸನ, ಇದು ಭಕ್ತಕವಿಯ ಕಾವ್ಯ. ಯಾರು, ಯಾರಿಗಾಗಿ, ಯಾವ ಉದ್ದೇಶದಿಂದ ಬರೆದರೆಂದು ಕೇಳುತ್ತೇನೆ. ಅದರ ಮುಂದಿನ ತರಗತಿಗೆ ಹನ್ನೆರಡನೆಯ ಶತಮಾನದ ಬ್ರಹ್ಮಶಿವನ ಸಮಯಪರೀಕ್ಷೆಯನ್ನು ಒಯ್ಯುತ್ತೇನೆ. ಪರಮತಗಳನ್ನು ಅವನಷ್ಟು ಕಟುವಾಗಿ ಗೇಲಿ ಮಾಡಿದ ಕನ್ನಡ ಕವಿಗಳು ಹೆಚ್ಚಿಲ್ಲ, ಅವನು ಜೈನ. ಹದಿನಾಲ್ಕನೆಯ ಶತಮಾನದ ವೃತ್ತವಿಲಾಸನ ಧರ್ಮಪರೀಕ್ಷೆಯನ್ನೂ ಅದರ ಜೊತೆಗೆ ಇಡುತ್ತೇನೆ. ಬೈದವರು ಒಂದೇ ಕಡೆಯವರಲ್ಲ, ಬೈಸಿಕೊಂಡವರೂ ಒಂದೇ ಕಡೆಯವರಲ್ಲ ಎಂಬುದು ಆಗ ಯಾರೂ ಹೇಳದೆ ತಿಳಿಯುತ್ತದೆ. ಮಾತಿನ ಏಟಿಗೂ ಬಿಂಬವನ್ನು ಒಡೆಯುವುದಕ್ಕೂ ಇರುವ ವ್ಯತ್ಯಾಸವನ್ನು ವಿದ್ಯಾರ್ಥಿಗಳೇ ಎತ್ತುತ್ತಾರೆ; ಎತ್ತಬೇಕು.

ಇದರಿಂದ ಎಲ್ಲರಿಗೂ ಸಮಾಧಾನವಾಗಿದೆಯೆಂದಲ್ಲ. ಒಮ್ಮೆ ವಿದ್ಯಾರ್ಥಿಯೊಬ್ಬನ ತಂದೆ ಬಂದು, ಜೈನರಾದ ನೀವು ನಮ್ಮ ಶರಣರ ಕಥೆಯನ್ನು ಪರೀಕ್ಷಿಸುವುದು ಸರಿಯೇ ಎಂದು ಸೌಜನ್ಯದಿಂದಲೇ ಕೇಳಿದರು. ಅದೇ ವರ್ಷ ನನ್ನ ಬಂಧುಗಳೊಬ್ಬರು, ನಮ್ಮ ಬಸದಿ ಒಡೆದ ಕಥೆಯನ್ನು ನೀನೇ ನಿಂತು ಪಾಠ ಹೇಳುತ್ತೀಯಲ್ಲ, ನಿನಗೆ ಏನೂ ಅನ್ನಿಸುವುದಿಲ್ಲವೇ ಎಂದರು. ಅನ್ನಿಸುತ್ತದೆ. ಬಿಂಬ ಒಡೆದ ಸಾಲುಗಳಿಗೆ ಬಂದಾಗ ಇಂದಿಗೂ ನನ್ನ ದನಿ ಒಂದಿಷ್ಟು ತಗ್ಗುತ್ತದೆ. ಆದರೆ ಶರಣರ ಕಥೆಯನ್ನು ಲಿಂಗಾಯತರೇ, ಪುರಾಣವನ್ನು ಜೈನರೇ, ತತ್ತ್ವಪದವನ್ನು ಅವಧೂತರೇ ಹೇಳಬೇಕೆಂದಾದರೆ ನಾವು ಮತ್ತೆ ಆ ಹಿರಿಯರ ಎರಡು ಕೋಣೆಗಳಿಗೇ ಹೋಗಿ ಕುಳಿತಂತೆ. ಇಬ್ಬರಿಗೂ ನಾನು ಇದೇ ಉತ್ತರ ಕೊಟ್ಟೆ. ವಿದ್ಯಾರ್ಥಿಯ ತಂದೆಯನ್ನು ಮುಂದಿನ ತರಗತಿಗೆ ಬಂದು ಕುಳಿತು ಕೇಳುವಂತೆ ಕೋರಿದೆ. ಅವರು ಬಂದರು, ಕೊನೆಯ ಬೆಂಚಿನಲ್ಲಿ ಕುಳಿತರು, ಏನೂ ಹೇಳದೆ ಎದ್ದು ಹೋದರು. ಮಗ ಓದು ಮುಂದುವರಿಸಿದ.

ಈ ಹೊಣೆಗೆ ಮಾದರಿಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಕಾಗಿಣಾ ನದಿಯ ದಡದ ಆ ಊರಿನಲ್ಲಿ ಇಂದಿಗೂ ನೇಮಿನಾಥ ಬಸದಿಯಿದೆ, ಉತ್ತರಾದಿ ಮಠದ ಪರಂಪರೆ ಜಯತೀರ್ಥರ ಮೂಲವೃಂದಾವನವೆಂದು ನಂಬುವ ಸ್ಥಳವಿದೆ, ದರ್ಗಾ ಇದೆ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ರಚಿಸಿದ ಕವಿರಾಜಮಾರ್ಗವು ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲ ಶಕ್ತಿಯನ್ನು ಬಂಗಾರವೆಂದು ಬಗೆಯಿತು. ಅಲಂಕಾರಶಾಸ್ತ್ರದ ಗ್ರಂಥವೊಂದು ಹಾಗೆ ಬಗೆದದ್ದು ಸಾಹಿತ್ಯದ ಅಧ್ಯಾಪಕರಾದ ನಮಗೆ ವಿಶೇಷವಾಗಿ ಮನನೀಯ.

ಅದಕ್ಕೂ ಸಾವಿರ ವರ್ಷಗಳ ಹಿಂದಿನ ಮಾತು ಚಿತ್ತಾಪುರ ತಾಲ್ಲೂಕಿನ, ಭೀಮಾತೀರದ ಸನ್ನತಿಯಲ್ಲಿದೆ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಕಾ ಗುಡಿಯ ಮಾಳಿಗೆ ಕುಸಿದಾಗ, ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಬಂಡೆಯಲ್ಲಿ ಅಶೋಕನ ಶಾಸನಗಳಿರುವುದು ಬೆಳಕಿಗೆ ಬಂತು. ಅದರಲ್ಲಿರುವ ಪ್ರಧಾನ ಶಿಲಾಶಾಸನಗಳು ಎರಡು: ಹನ್ನೆರಡನೆಯದು ಮತ್ತು ಹದಿನಾಲ್ಕನೆಯದು. ಹನ್ನೆರಡನೆಯದು ಪೂರ್ಣವಾಗಿ ಮತಗಳ ಪರಸ್ಪರ ಸಂಬಂಧವನ್ನೇ ಕುರಿತದ್ದು. ಸ್ವಮತದ ಅಭಿಮಾನದಿಂದ ಪರಮತವನ್ನು ಹಳಿಯುವವನು ಸ್ವಮತಕ್ಕೇ ಕೇಡು ಮಾಡುತ್ತಾನೆ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಬೇಕು ಎಂಬುದು ಅದರ ತಾತ್ಪರ್ಯ. ಆ ಬಂಡೆಯನ್ನು ಯಾರೋ ಎಂದೋ ಕಾಳಿಯ ಪೀಠಕ್ಕೆ ಬಳಸಿದರು. ಅದರ ಅಕ್ಷರಗಳನ್ನು ಓದಬಲ್ಲವರು ಆಗ ಇರಲಿಲ್ಲ. ಬೌದ್ಧ ಮನೆತನದ ವಿದ್ಯಾರ್ಥಿ ಇದನ್ನು ಕೇಳಿ ಅಸಮಾಧಾನಗೊಂಡದ್ದುಂಟು, ದೇವಿಯೇ ಕಾಪಾಡಿಕೊಟ್ಟಳೆಂದು ಮತ್ತೊಬ್ಬಳು ಹೇಳಿದ್ದುಂಟು. ಒಂದೇ ಕಲ್ಲನ್ನು ಇಬ್ಬರೂ ನೋಡುತ್ತಿದ್ದರು.

ಆ ಶಾಸನದ ಗಿರ್ನಾರದ ಪಾಠದಲ್ಲಿ ‘ವಚಿಗುತಿ’ ಎಂಬ ಪದವಿದೆ: ಮಾತಿನ ಸಂಯಮ. ಜೈನ ಪರಿಭಾಷೆಯನ್ನು ಬಲ್ಲವರಿಗೆ ಇದು ಕೂಡಲೇ ಮನೋಗುಪ್ತಿ, ವಚನಗುಪ್ತಿ, ಕಾಯಗುಪ್ತಿ ಎಂಬ ತ್ರಿಗುಪ್ತಿಗಳನ್ನು ನೆನಪಿಸುತ್ತದೆ. ಮುನಿಗಳಿಗೆ ಹೇಳಿದ ಆ ವ್ರತವನ್ನು ಅಧ್ಯಾಪಕನು ತನ್ನ ಮಟ್ಟದಲ್ಲಿ ಪಾಲಿಸಬಹುದು. ಮೌನವಿರುವುದೇ ಅದರ ಅರ್ಥವಲ್ಲ. ಯಾವ ವಾಕ್ಯಕ್ಕೆ ಕರ್ತೃ ಯಾರೆಂಬುದನ್ನು ಬಿಡದೆ ಹೇಳುವುದು ಅದರ ಮೊದಲ ಹೆಜ್ಜೆ. ‘ಸಂಕಲ್ಪಹಿಂಸೆಯೂ ಹಿಂಸೆಯೇ’ ಎಂಬುದು ಬೋಧೆ. ‘ಸಂಕಲ್ಪಹಿಂಸೆಯೂ ಹಿಂಸೆಯೇ ಎಂದು ಜನ್ನ ಪ್ರತಿಪಾದಿಸುತ್ತಾನೆ’ ಎಂಬುದು ಪಾಠ. ನಡುವೆ ಇರುವುದು ಒಂದು ಹೆಸರು, ಒಂದು ಕ್ರಿಯಾಪದ. ಎರಡನೆಯ ಹೆಜ್ಜೆ, ಯಾವ ವಿದ್ಯಾರ್ಥಿಯನ್ನೂ ಅವನ ಮತದ ವಕೀಲನಾಗಿ ನಿಲ್ಲಿಸದಿರುವುದು. ಹೇಳುವವರು ತಾವಾಗಿ ಹೇಳಲಿ. ಸುಮ್ಮನಿರುವವರಿಗೆ ಸುಮ್ಮನಿರುವ ಹಕ್ಕಿರಲಿ.

ಮೂರನೆಯದು ಪ್ರಶ್ನಪತ್ರಿಕೆಗೆ ಸಂಬಂಧಿಸಿದ್ದು. ನಮ್ಮ ವಿಶ್ವವಿದ್ಯಾಲಯಗಳ ಕನ್ನಡ ಪ್ರಶ್ನಪತ್ರಿಕೆಗಳಲ್ಲಿ ‘ಸಮರ್ಥಿಸಿ’ ಎಂಬ ಪದ ಬಹು ಹಿಂದಿನಿಂದ ರೂಢಿಯಲ್ಲಿದೆ. ‘ಯಶೋಧರ ಚರಿತೆಯು ಅಹಿಂಸೆಯೇ ಪರಮಧರ್ಮವೆಂಬುದನ್ನು ಸಾರುತ್ತದೆ, ಸಮರ್ಥಿಸಿ’ ಎಂಬ ಪ್ರಶ್ನೆಯನ್ನು ನಾನೇ ವಿದ್ಯಾರ್ಥಿಯಾಗಿದ್ದಾಗ ಉತ್ತರಿಸಿದ್ದೇನೆ. ಜೈನನಾದ ನನಗೆ ಅದು ಕಷ್ಟವಾಗಲಿಲ್ಲ. ಅದೇ ಪ್ರಶ್ನೆ ತಾಂಡಾದ ಹುಡುಗಿಯ ಕೈಗೆ ಹೋದಾಗ, ಹತ್ತು ಅಂಕಗಳಿಗಾಗಿ ಆಕೆ ತನ್ನ ಮನೆಯ ಆಚಾರದ ವಿರುದ್ಧ ಸಾಕ್ಷಿ ಹೇಳಿದಂತಾಗುತ್ತದೆ. ಹಲವು ವರ್ಷಗಳಿಂದ ನಾನು ಪ್ರಶ್ನಪತ್ರಿಕೆ ಸಿದ್ಧಪಡಿಸುವಾಗ ಆ ಜಾಗದಲ್ಲಿ ‘ಪರಿಶೀಲಿಸಿ’ ಎಂದು ಬರೆಯುತ್ತಿದ್ದೇನೆ. ಉತ್ತರಪತ್ರಿಕೆಗಳು ಮೊದಲಿಗಿಂತ ಉದ್ದವಾಗಿವೆ, ಮೌಲ್ಯಮಾಪನಕ್ಕೆ ಹೆಚ್ಚು ಸಮಯ ಹಿಡಿಯುತ್ತದೆ. ಕೆಲವರು ಜನ್ನನನ್ನು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ಒಪ್ಪದವರೂ ಅವನು ಏನು ಹೇಳಿದನೆಂಬುದನ್ನು ಮೊದಲು ಸರಿಯಾಗಿ ಬರೆದು, ಅನಂತರ ತಮ್ಮ ಮಾತನ್ನು ಬರೆಯುತ್ತಾರೆ. ಈ ಲೇಖನವನ್ನು ಓದುವವರಲ್ಲಿ ನಾಳೆ ಪ್ರಶ್ನಪತ್ರಿಕೆ ಬರೆಯಬೇಕಾದವರು ಇರುತ್ತಾರೆ. ಅವರೂ ಆ ಒಂದು ಪದವನ್ನು ಬದಲಿಸಿ ನೋಡಲೆಂಬುದು ನನ್ನ ವಿನಂತಿ.